ಎದುರಾಳಿ ಬರೆದ ವೀರಗಲ್ಲು

ಮೊಹರಂ ಚಂದ್ರ ಕಂಡ ಮೇಲೆ ಗೊರೇಬಾಳದ ಸುತ್ತಿನ ಸೀಮೆಯ ಕಳೆಯೇ ಬದಲಾಗುತ್ತದೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಊರೂರಲ್ಲಿ ಮಸೂತಿ ಮುಂದೆ ಗುದ್ದಲಿ ಬೀಳುತ್ತದೆ, ಅಲಾಯಿ ಕುಣಿ ತೋಡುತ್ತಾರೆ, ಹಲಗೆ ಕಾಸಿಕೊಳ್ಳುತ್ತಾರೆ. ಮುದಗಲ್ಲಿನ ಹುಸೇನಿ ಆಲಂ ನೋಡಲು ನೆರೆಯ ರಾಜ್ಯಗಳಿಂದಲೂ ಜನ ಬಂದಿಳಿಯುತ್ತಾರೆ. ಹಗಲೆಲ್ಲ ಗದ್ದೆಯ ಕೆಸರು ತುಳಿದ ಕಾಲುಗಳೇ ರಾತ್ರಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತವೆ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ನೀರಿಲ್ಲದೆ ಹೋರಾಡಿ ಮಡಿದವರಿಗಾಗಿ, ಆ ನೆಲವನ್ನು ಎಂದೂ ಕಾಣದ ರೈತರು ಕನ್ನಡದಲ್ಲಿ ಹಾಡಿ ಕಣ್ಣೀರು ಹಾಕುತ್ತಾರೆ.

ಸತ್ತವರನ್ನು ನೆನೆಯುವುದರಲ್ಲೂ ಸವಿಯಬೇಕಾದದ್ದು ಇದೆ ಎಂದು ನನಗೆ ತೋರಿಸಿಕೊಟ್ಟದ್ದು ಈ ರಿವಾಯತ್ ಪದಗಳು. ಅವು ‘ವೀರರು ಮಡಿದರು’ ಎಂದು ಒಂದೇ ಮಾತಿನಲ್ಲಿ ಮುಗಿಸಿ ಮುಂದೆ ಹೋಗುವುದಿಲ್ಲ. ನೀರು ತರಲು ಹೋದ ಅಬ್ಬಾಸನ ಕೈ ಕಡಿದದ್ದು, ಮದುವೆಯ ಸಡಗರ ಆರುವ ಮೊದಲೇ ಖಾಸೀಮ ರಣಕ್ಕೆ ನಡೆದದ್ದು, ಎಲ್ಲವನ್ನೂ ಹೆಸರು ಹಿಡಿದು, ಗಾಯ ಹಿಡಿದು ಹೇಳುತ್ತವೆ. ದುಃಖವನ್ನು ಅಳತೆ ಮೀರಿ ಉಬ್ಬಿಸುವ ಗೋಜಿಗೆ ಅವು ಹೋಗುವುದಿಲ್ಲ. ನಡೆದದ್ದನ್ನು ನಡೆದಂತೆ ಬಿಡಿಸಿಟ್ಟರೆ ಸಾಕು, ದುಃಖ ತಾನಾಗಿ ಬರುತ್ತದೆಂಬ ನಂಬಿಕೆ ಆ ಹಾಡುಗಾರರಿಗೆ ಇದೆ. ಆ ನಂಬಿಕೆಯೇ ದೊಡ್ಡ ಕಲೆ.

ಆ ಪದಗಳಿಂದ ಹದಗೊಂಡ ಕಿವಿಯಲ್ಲೇ ನಾನು ಸೆಪ್ಟೆಂಬರ್ 7 ಬಂದಾಗ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಕಥೆಯನ್ನು ಕೇಳಿಕೊಳ್ಳುತ್ತೇನೆ.

ದೇವಯ್ಯ ಕೊಡಗಿನವರು. 1932ರ ಡಿಸೆಂಬರ್ 24ರಂದು ಹುಟ್ಟಿ, 1954ರಲ್ಲಿ ವಾಯುಪಡೆ ಸೇರಿದರು. ಹಾರಾಟ ಕಲಿಸುವ ಗುರುವಾಗಿದ್ದವರು ಭಾರತ-ಪಾಕಿಸ್ತಾನ ಯುದ್ಧದ ಹೊತ್ತಿಗೆ ಪಂಜಾಬಿನ ಆದಂಪುರದಲ್ಲಿದ್ದ 1ನೇ ಸ್ಕ್ವಾಡ್ರನ್‌ನೊಂದಿಗೆ ಇದ್ದರು. 1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ ವಿಂಗ್ ಕಮಾಂಡರ್ ಓ.ಪಿ. ತನೇಜಾ ಅವರ ಮುಂದಾಳತ್ವದಲ್ಲಿ ಹನ್ನೆರಡು ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ಎರಗಬೇಕಿತ್ತು. ಆ ಹನ್ನೆರಡರಲ್ಲಿ ದೇವಯ್ಯ ಇರಲಿಲ್ಲ. ಯಾವುದಾದರೂ ವಿಮಾನ ಕೈಕೊಟ್ಟರೆ ಮಾತ್ರ ಆ ಜಾಗ ತುಂಬಬೇಕಾದ ಮೀಸಲು ಪೈಲಟ್ ಅವರು. ಒಂದು ವಿಮಾನ ಕೈಕೊಟ್ಟಿತು, ದೇವಯ್ಯ ಹೊರಟರು.

ಸರ್ಗೋಧಾ ಎಂದರೆ ಮಿಸ್ಟೇರ್ ವಿಮಾನದ ಇಂಧನಕ್ಕೆ ಹೆಚ್ಚುಕಡಿಮೆ ಕೊನೆಯ ಗಡಿ. ಹೋಗಿ, ದಾಳಿ ಮಾಡಿ, ನೆಲಕ್ಕಂಟಿಕೊಂಡಂತೆ ಹಾರಿ ನೇರ ಮನೆಗೆ ಮರಳಬೇಕು. ದಾರಿಯಲ್ಲಿ ನಿಂತು ಕಾದಾಡುವಷ್ಟು ಎಣ್ಣೆ ಟ್ಯಾಂಕಿನಲ್ಲಿ ಇರುವುದಿಲ್ಲ. ಮರಳುವ ದಾರಿಯಲ್ಲಿ ದೇವಯ್ಯನವರ ಬೆನ್ನು ಹತ್ತಿದ್ದು ಅಮೆರಿಕದ ಎಫ್-104 ಸ್ಟಾರ್‌ಫೈಟರ್, ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ವಿಮಾನ. ಅದನ್ನು ಹಾರಿಸುತ್ತಿದ್ದವರು ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಸಮತಲ ಹಾರಾಟದಲ್ಲಿ ಮಿಸ್ಟೇರ್ ಶಬ್ದದ ವೇಗವನ್ನೂ ಮುಟ್ಟದು. ಮೊದಲ ಪೆಟ್ಟು ಬಿದ್ದದ್ದು ಮಿಸ್ಟೇರ್‌ಗೆ. ಅದರ ಕೆಲಸ ಮುಗಿಯಿತೆಂದುಕೊಂಡ ಹುಸೇನ್ ಬೇರೆ ವಿಮಾನ ಹುಡುಕಲು ತಿರುಗಿದರು. ಮುಗಿದಿರಲಿಲ್ಲ. ಪೆಟ್ಟು ತಿಂದ ವಿಮಾನವನ್ನೇ ತಿರುಗಿಸಿಕೊಂಡು ದೇವಯ್ಯ ಮೇಲೆ ಬಿದ್ದರು. ವೇಗವೇ ಬಲವಾಗಿದ್ದ ಸ್ಟಾರ್‌ಫೈಟರ್ ಕೆಳಮಟ್ಟದಲ್ಲಿ, ನಿಧಾನಗತಿಯ ಸುತ್ತಾಟದ ಕಾಳಗಕ್ಕೆ ಸಿಕ್ಕಿಕೊಂಡಿತು. ಮಿಸ್ಟೇರ್‌ನ 30 ಮಿ.ಮೀ. ತೋಪುಗಳು ಅದನ್ನು ಹೊಡೆದು ಕೆಡವಿದವು. ಹುಸೇನ್ ಹೊರಚಿಮ್ಮಿ ಬದುಕಿದರು. ದೇವಯ್ಯ ಮರಳಲಿಲ್ಲ. ಅವರ ದೇಹವನ್ನು ಅಲ್ಲಿನ ಹಳ್ಳಿಗರು ಹೊಲದಲ್ಲೇ ಮಣ್ಣು ಮಾಡಿದರು.

ಈ ಕಾಳಗವನ್ನು ನಮ್ಮ ಕಡೆಯವರು ಯಾರೂ ಕಂಡಿರಲಿಲ್ಲ. ಆದಂಪುರದ ಲೆಕ್ಕದಲ್ಲಿ ದೇವಯ್ಯ ‘ಕಾಣೆಯಾದವರು’. ಮುಂದೆ ಆ ಮಾತು ‘ಮೃತರು’ ಎಂದಾಯಿತು, ಅಷ್ಟೆ. ಸತ್ಯ ಹೊರಬಂದದ್ದು ಎದುರು ಪಕ್ಷದಿಂದ. ಪಾಕಿಸ್ತಾನದ ವಾಯುಪಡೆಯ ನೆರವಿನಿಂದ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಆ ಯುದ್ಧದ ಚರಿತ್ರೆ ಬರೆದು 1979ರಲ್ಲಿ ಪ್ರಕಟಿಸಿದರು. ಸ್ಟಾರ್‌ಫೈಟರ್ ಒಂದು ಮಿಸ್ಟೇರ್‌ನ ಹೊಡೆತಕ್ಕೆ ಬಿದ್ದಿತೆಂಬ ಸಂಗತಿ ಅದರಲ್ಲಿತ್ತು. ಆ ಬೆಳಿಗ್ಗೆ ಮರಳದ ಮಿಸ್ಟೇರ್ ಯಾವುದೆಂದು ಕೂಡಿಸಿ ನೋಡಿದಾಗ ಸಿಕ್ಕಿದ್ದು ಒಂದೇ ಹೆಸರು. ತನೇಜಾ ಅವರು ತಮ್ಮ ಪೈಲಟ್‌ಗೆ ಸಲ್ಲಬೇಕಾದ ಗೌರವಕ್ಕಾಗಿ ಪತ್ರ ಬರೆದರು. 1988ರಲ್ಲಿ, 23 ವರ್ಷಗಳ ಬಳಿಕ, ದೇವಯ್ಯ ಅವರಿಗೆ ಮಹಾವೀರ ಚಕ್ರ ಬಂತು. ಭಾರತೀಯ ವಾಯುಪಡೆಯಲ್ಲಿ ಮರಣೋತ್ತರವಾಗಿ ಈ ಪದಕ ಪಡೆದವರು ಅವರೊಬ್ಬರೇ.

ಇಲ್ಲಿ ನನ್ನ ಮನಸ್ಸು ಪದಕಕ್ಕಿಂತ ಹೆಚ್ಚಾಗಿ ಸಾಕ್ಷಿಯ ಮೇಲೆ ನಿಲ್ಲುತ್ತದೆ. ತನ್ನವರು ಹೊಗಳುವುದು ಸಹಜ. ನನ್ನ ಪೆಟ್ಟು ತಿಂದವನೇ ತಿರುಗಿ ನನ್ನನ್ನು ಕೆಡವಿದ ಎಂದು ಎದುರಾಳಿ ಹೇಳುವ ಮಾತಿಗೆ ಬೇರೆಯದೇ ತೂಕವಿದೆ. ಅಲ್ಲಿ ಒಂದಕ್ಷರ ಅಲಂಕಾರವಿಲ್ಲ. ಅಂಥ ಮಾತಿನ ರುಚಿ ನಮ್ಮ ಭಾಷೆಗೆ ಹತ್ತನೆಯ ಶತಮಾನದಲ್ಲೇ ಹತ್ತಿತ್ತು. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನ ಸಂಜಯನೊಂದಿಗೆ ರಣಭೂಮಿಯಲ್ಲಿ ನಡೆದುಹೋಗುವ ಭಾಗವನ್ನು ನೆನಪಿಸಿಕೊಳ್ಳಿ. ದ್ರೋಣನನ್ನು ಕಾಣುತ್ತಾನೆ, ಮಗ ಲಕ್ಷಣಕುಮಾರನನ್ನು ಕಾಣುತ್ತಾನೆ, ದುಶ್ಶಾಸನನನ್ನು, ಕರ್ಣನನ್ನು ಕಂಡು ಕುಸಿಯುತ್ತಾನೆ. ಇವರೆಲ್ಲ ಅವನವರು. ಆದರೆ ಇದೇ ದಾರಿಯಲ್ಲಿ ಅಭಿಮನ್ಯು ಬಿದ್ದಿದ್ದಾನೆ. ವೈರಿಯ ಮಗ, ವ್ಯೂಹ ಹೊಕ್ಕು ಹೊರಬಾರದೆ ಹೋದವನು. ದುರ್ಯೋಧನ ಅವನೆದುರು ನಿಂತು, ಅವನ ಶೌರ್ಯವನ್ನು ಮೆಚ್ಚಿ, ಅಂಥ ಸಾವು ತನಗೂ ಬರಲಿ ಎಂದು ಹಾರೈಸಿಕೊಳ್ಳುತ್ತಾನೆ. ಆ ಕಾವ್ಯದಲ್ಲಿ ಇದಕ್ಕಿಂತ ಎತ್ತರದ ಜಾಗವನ್ನು ನಾನು ಕಾಣೆ. ವೀರವೂ ಕರುಣವೂ ಬೇರೆಬೇರೆಯಾಗಿ ಉಳಿಯದ ಗಳಿಗೆ ಅದು. ಅಭಿಮನ್ಯುವಿನ ವೀರಗಲ್ಲನ್ನು ದುರ್ಯೋಧನನ ಬಾಯಿಂದಲೇ ನೆಡಿಸಿದ ರನ್ನ ನಿಜಕ್ಕೂ ಮಹಾಕವಿ.

ಕಲ್ಲಿನ ವೀರಗಲ್ಲನ್ನೂ ಹೀಗೆಯೇ ನಿಧಾನವಾಗಿ ಓದಬೇಕು, ಕೆಳಗಿನಿಂದ ಮೇಲಕ್ಕೆ. ಸಾಮಾನ್ಯವಾಗಿ ಮೂರು ಅಂಕಣ. ಕೆಳಗಿನದರಲ್ಲಿ ಕಾಳಗ: ಓರೆಯಾಗಿ ಹಾಯ್ದ ಈಟಿ, ಎತ್ತಿದ ಕತ್ತಿ, ಮುಗ್ಗರಿಸಿದ ಕುದುರೆ, ಕಾಲಡಿಯ ಹೆಣ. ಉಸಿರಾಡಲೂ ಜಾಗವಿಲ್ಲದಷ್ಟು ಒತ್ತೊತ್ತು. ಕಣ್ಣು ಒಂದು ಗೇಣು ಮೇಲೇರಿದರೆ ಕಲ್ಲು ಹಗುರಾಗುತ್ತದೆ. ಅದೇ ವೀರ, ಗಾಯದ ಗುರುತಿಲ್ಲದೆ, ಎರಡೂ ತೋಳನ್ನು ಅಪ್ಸರೆಯರ ಹೆಗಲ ಮೇಲೆ ಚಾಚಿದ್ದಾನೆ. ಹಾರುವವರೆಂದು ತೋರಿಸಲು ಶಿಲ್ಪಿ ಅವರಿಗೆ ರೆಕ್ಕೆ ಕಟ್ಟಿಲ್ಲ. ಮಡಿಸಿದ ಮೊಣಕಾಲು, ಹಿಂದಕ್ಕೆ ತೇಲುವ ಸೆರಗು, ಇಷ್ಟರಲ್ಲೇ ಹಾರಾಟ ಬಂದುಬಿಟ್ಟಿದೆ. ಕೆಲವು ಕಲ್ಲುಗಳಲ್ಲಿ ಅವನು ವಿಮಾನದಲ್ಲಿ ಕುಳಿತಿರುತ್ತಾನೆ. ಮೇಲಿನ ಅಂಕಣದಲ್ಲಿ ಲಿಂಗ, ಪೂಜಾರಿ, ನಂದಿ, ಮುಗಿದ ಕೈ, ಎರಡು ಮೂಲೆಯಲ್ಲಿ ಸೂರ್ಯ ಚಂದ್ರ. ಓರೆಗೆರೆಗಳೆಲ್ಲ ಮಾಯವಾಗಿ ಎಲ್ಲವೂ ನೆಟ್ಟಗೆ, ನಿಶ್ಚಲ. ಆಳೆತ್ತರದ ಕಲ್ಲಿನಲ್ಲಿ ಗದ್ದಲದಿಂದ ಶಾಂತಿಯವರೆಗಿನ ಇಡೀ ದಾರಿ. ದೇವಯ್ಯನಂಥವರಿಗೆ ಹಳೆಯ ಶಿಲ್ಪಿ ಕಲ್ಲು ಕಡೆಯುವುದಾಗಿದ್ದರೆ ವಿಮಾನವನ್ನು ನಡುವಿನಿಂದ ಕೆಳಗಿನ ಅಂಕಣಕ್ಕೆ ಇಳಿಸಬೇಕಾಗುತ್ತಿತ್ತು.

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದವರು ಬೇಗೂರಿನ ವೀರಗಲ್ಲನ್ನು ನೋಡದೆ ಬರಬಾರದು. ಕ್ರಿ.ಶ. 900ರ ಹೊತ್ತಿನದು. ಗಂಗ ದೊರೆ ಎರೆಯಪ್ಪನ ಕಡೆಯ ನಾಗತ್ತರ ತುಂಬೆಪಾಡಿಯಲ್ಲಿ ಆನೆಗಳ ನಡುವೆ ಕಾದಿ ಬಿದ್ದದ್ದನ್ನು ಅದು ಹೇಳುತ್ತದೆ. ಕಾದಿದ್ದು ಯಾರ ಮೇಲೆ ಎಂಬುದನ್ನೂ ಬರೆದಿದೆ: ವೀರಮಹೇಂದ್ರನ ಮೇಲೆ. ಶತ್ರುವಿನ ಹೆಸರು ಅಳಿಸಿದರೆ ವೀರನ ಹೆಸರು ದೊಡ್ಡದಾಗುವುದಿಲ್ಲ ಎಂಬುದು ಬರೆಸಿದವರಿಗೆ ಗೊತ್ತಿತ್ತು. ನಾಗತ್ತರ ಸತ್ತ ಮೇಲೆ ಕೊಟ್ಟ ಊರುಗಳ ಲೆಕ್ಕವೂ ಅಲ್ಲೇ ಇದೆ. ಮಡಿದವರ ಮನೆಗೆ ಭೂಮಿ ಕೊಡುವ ನೆತ್ತರುಗೊಡಗೆಯ ಪದ್ಧತಿ ಕನ್ನಡನಾಡಿನಲ್ಲಿ ಬಹುಕಾಲ ನಡೆದಿತ್ತು. ಕಲ್ಲು ನೆಟ್ಟು ಕೈತೊಳೆದುಕೊಳ್ಳದೆ, ಒಲೆ ಉರಿಯುವುದನ್ನೂ ನೋಡಿಕೊಂಡ ನೆನಪು ಅದು.

ನಮ್ಮ ಊರುಗಳಲ್ಲಿ ಹಣಮಪ್ಪನ ಗುಡಿಯ ಬದಿಗೋ ಕೆರೆಯ ಏರಿಯ ಮೇಲೋ ನಿಂತ ಕಲ್ಲುಗಳಿಗೆ ಜನ ಎಣ್ಣೆ ಹಾಕುತ್ತಾರೆ, ಸುಣ್ಣ ಬಳಿಯುತ್ತಾರೆ. ಭಕ್ತಿ ದೊಡ್ಡದು, ಆದರೆ ಸುಣ್ಣದಡಿ ಅಕ್ಷರ ಮುಚ್ಚಿಹೋಗುತ್ತದೆ. ಹೆಸರಿನ ಬೆಲೆ ಏನೆಂಬುದಕ್ಕೆ ಮಸ್ಕಿಯ ಬಂಡೆಗಿಂತ ಬೇರೆ ಗುರು ನಮಗೆ ಬೇಕಿಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಣ್ಣಿಗೆ ಆ ಬಂಡೆಯ ಶಾಸನ ಬಿದ್ದಾಗ, ಬೇರೆಡೆ ಬರೀ ‘ದೇವಾನಾಂಪ್ರಿಯ’ನಾಗಿದ್ದ ದೊರೆ ಅಶೋಕನೇ ಎಂದು ಲೋಕಕ್ಕೆ ಖಚಿತವಾಯಿತು. ಒಂದು ಹೆಸರು ಉಳಿದಿದ್ದಕ್ಕೆ ಚರಿತ್ರೆಯ ಅಷ್ಟು ದೊಡ್ಡ ಗಂಟು ಬಿಚ್ಚಿತು.

ಇಂದಿನ ವಾಯುಪಡೆಗಳೂ ಒಂದು ವೀರಗಲ್ಲನ್ನು ಕಂಡುಕೊಂಡಿವೆ. ನಾಲ್ಕು ವಿಮಾನಗಳು ಕೈಬೆರಳ ತುದಿಗಳಂತೆ ಜೋಡಣೆಗೊಂಡು ತಗ್ಗಿನಲ್ಲಿ ಹಾರಿ ಬರುತ್ತವೆ. ನೆರೆದವರ ತಲೆಯ ಮೇಲೆ ಬರುತ್ತಿದ್ದಂತೆ ಒಂದು ಮಾತ್ರ ಸರಕ್ಕನೆ ಮೇಲಕ್ಕೆದ್ದು ಆಕಾಶಕ್ಕೆ ಏರಿಬಿಡುತ್ತದೆ. ಉಳಿದ ಮೂರು ಹತ್ತಿರ ಸರಿದು ಆ ಜಾಗ ತುಂಬುವುದಿಲ್ಲ, ತೆರವನ್ನು ತೆರವಾಗಿಯೇ ಹೊತ್ತು ಮುಂದೆ ಹೋಗುತ್ತವೆ. ಇಲ್ಲದವನನ್ನು ತೋರಿಸಲು ಅವನ ಜಾಗವನ್ನು ಖಾಲಿ ಬಿಡುವುದಕ್ಕಿಂತ ನೇರವಾದ ದಾರಿ ಇನ್ನಾವುದಿದೆ? ಜೊತೆಯವರ ಕೈ ಅಷ್ಟು ಸ್ಥಿರವಾಗಿದ್ದರೆ ಮಾತ್ರ ಆ ತೆರವು ಕಣ್ಣಿಗೆ ಕಾಣುತ್ತದೆ.

ಆ ತೆರವಿನಲ್ಲಿ ಇರಿಸಬೇಕಾದ ಹೆಸರುಗಳು ಕರ್ನಾಟಕದ ಆಕಾಶದಲ್ಲೇ ಎಷ್ಟೋ ಇವೆ. ಬೆಂಗಳೂರಿನಲ್ಲಿ ತಯಾರಾದ ಮಾರುತ್ ಯುದ್ಧವಿಮಾನವನ್ನು 1961ರಲ್ಲಿ ಮೊದಲು ಹಾರಿಸಿದ ಸುರಂಜನ್ ದಾಸ್, 1970ರ ಜನವರಿ 10ರಂದು ಅದರದೇ ಸುಧಾರಿತ ಮಾದರಿಯನ್ನು ಪರೀಕ್ಷಿಸುವಾಗ ಅಲ್ಲೇ ಮಡಿದರು. ಅವರ ಹೆಸರಿನ ರಸ್ತೆಯಲ್ಲಿ ದಿನವೂ ಸಾವಿರಾರು ಜನ ಓಡಾಡುತ್ತಾರೆ. 2009ರ ಮಾರ್ಚ್ 6ರಂದು ಬಿಡದಿ ಬಳಿಯ ಶೇಷಗಿರಿಹಳ್ಳಿಯಲ್ಲಿ ಸರಸ್ ವಿಮಾನದ ಎರಡನೇ ಮಾದರಿ ಬಿದ್ದು ವಿಂಗ್ ಕಮಾಂಡರ್‌ಗಳಾದ ಪ್ರವೀಣ್ ಕೋಟೆಕೊಪ್ಪ, ದೀಪೇಶ್ ಷಾ ಮತ್ತು ಸ್ಕ್ವಾಡ್ರನ್ ಲೀಡರ್ ಇಳಯರಾಜ ತೀರಿಕೊಂಡರು. ಎಂಜಿನ್ ಒಂದನ್ನು ಆಕಾಶದಲ್ಲೇ ಆರಿಸಿ ಮತ್ತೆ ಹೊತ್ತಿಸುವ ಪರೀಕ್ಷೆಯಲ್ಲಿದ್ದರು. ಮುಂದೆ ಅಂಥ ವಿಮಾನದಲ್ಲಿ ಕೂರಬೇಕಾದ ಸಾಮಾನ್ಯ ಪ್ರಯಾಣಿಕನ ಸಲುವಾಗಿ ಮಾಡುತ್ತಿದ್ದ ಕೆಲಸ ಅದು. ನಮ್ಮ ಕಲ್ಯಾಣ ಕರ್ನಾಟಕದ ಬೀದರ್ ನೆಲೆಯ ಸೂರ್ಯಕಿರಣ ತಂಡದ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ 2019ರ ಫೆಬ್ರವರಿ 19ರಂದು ಯಲಹಂಕದ ಅಭ್ಯಾಸ ಹಾರಾಟದಲ್ಲಿ ಮಡಿದರು. ಕರ್ನಾಟಕದಾಚೆ, 2016ರ ಜುಲೈ 22ರಂದು ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟು ಕಾಣೆಯಾದ ವಾಯುಪಡೆಯ ಎಎನ್-32 ವಿಮಾನದಲ್ಲಿದ್ದ 29 ಮಂದಿಯ ಮನೆಯವರು, ಬಂಗಾಳಕೊಲ್ಲಿಯಲ್ಲಿ ಸುಮಾರು 3,400 ಮೀಟರ್ ಆಳದಲ್ಲಿ ಅವಶೇಷ ಸಿಕ್ಕಿತೆಂಬ ಒಂದು ಮಾತಿಗಾಗಿ 2024ರ ಜನವರಿಯವರೆಗೆ ಕಾದರು. ಸಮಾಧಿಯಿಲ್ಲದವರಿಗೆ ತಿಥಿಯೊಂದೇ ಸಮಾಧಿ. ಹೂ ಇಡಲು ಜಾಗವಿಲ್ಲದಾಗ ಆ ದಿನವನ್ನೇ ಹಿಡಿದುಕೊಳ್ಳಬೇಕಾಗುತ್ತದೆ.

ದೇವಯ್ಯ ಅವರ ಪ್ರತಿಮೆ ಮಡಿಕೇರಿಯಲ್ಲಿದೆ. 2025ರಲ್ಲಿ ಅವರ ಕಥೆಯ ಎಳೆ ಹಿಡಿದು ‘ಸ್ಕೈ ಫೋರ್ಸ್’ ಎಂಬ ಹಿಂದಿ ಚಿತ್ರವೂ ಬಂತು, ಬೇರೆ ಹೆಸರಿನ ಪಾತ್ರವಾಗಿ. ಚಿತ್ರಕ್ಕೆ ಅದರದೇ ಅನುಕೂಲಗಳಿರುತ್ತವೆ. ಆದರೆ ಹೆಸರು ಬದಲಾದ ಕಡೆ ನನಗೆ ವೀರಗಲ್ಲು ಕಾಣುವುದಿಲ್ಲ. ನಮಗೆ ಬೇಕಾದದ್ದು ರಿವಾಯತ್ ಪದದಂಥ ನೆನಪು: ಹೆಸರು, ತಿಥಿ, ಊರು, ಮಾಡಿದ ಕೆಲಸ, ಒಂದೂ ತಪ್ಪದೆ.

ಆದ್ದರಿಂದ ನಮ್ಮ ಕಡೆಯ ಶಾಲೆಗಳ ಗುರುಗಳಲ್ಲಿ ಒಂದು ಬೇಡಿಕೆ. ಬರುವ ಸೆಪ್ಟೆಂಬರ್ 7ರಂದು ಪ್ರಾರ್ಥನೆ ಮುಗಿದ ಮೇಲೆ ಮಕ್ಕಳನ್ನು ಐದು ನಿಮಿಷ ನಿಲ್ಲಿಸಿಕೊಂಡು ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಕಥೆಯನ್ನು ಪೂರ್ತಿ ಹೇಳಿ. ಹೇಳುವಾಗ ಅಮ್ಜದ್ ಹುಸೇನ್ ಹೆಸರನ್ನೂ ಬಿಡಬೇಡಿ.