ಕಾಗದದ ನಗರವೂ ಕಲ್ಲಿನ ನಗರವೂ

ಕವಿಯು ಬರೆದ ಪದ್ಯವು ಕಾಗದದ ಮೇಲೆಯೇ ಪೂರ್ಣವಾಗುತ್ತದೆ. ಓದುವವನೊಬ್ಬನು ದೊರೆತರೆ ಅದಕ್ಕೆ ಮತ್ತೇನೂ ಬೇಕಾಗಿಲ್ಲ. ವಾಸ್ತುಶಿಲ್ಪಿಯು ಬರೆದ ನಕ್ಷೆಯ ಗತಿ ಹಾಗಲ್ಲ. ಅದು ಕೊಟ್ಟ ಮಾತು ಮಾತ್ರ. ಕಲ್ಲು, ಇಟ್ಟಿಗೆ, ಹಣ, ಜನ ಇವಿಷ್ಟೂ ಕೂಡಿಬಂದಾಗಲೇ ಆ ಮಾತು ಸಂದಂತಾಗುತ್ತದೆ. ಹೀಗಿರುವಲ್ಲಿ, ವಿದ್ಯಾರ್ಥಿಯೊಬ್ಬನು ಪಾರಿತೋಷಕಕ್ಕಾಗಿ ಬರೆದ, ಕಟ್ಟಬೇಕೆಂಬ ಉದ್ದೇಶವೇ ಇಲ್ಲದೆ ಹುಟ್ಟಿದ ನಕ್ಷೆಗಳನ್ನು ವಿಮರ್ಶೆಗೆ ಎತ್ತಿಕೊಳ್ಳುವುದು ಸಲ್ಲುವುದೆ ಎಂಬ ಪ್ರಶ್ನೆ ಏಳುವುದು ಸಹಜ. ಸಲ್ಲುತ್ತದೆ ಎನ್ನುವುದಕ್ಕೆ ಒಂದು ಬಲವಾದ ಕಾರಣವುಂಟು. ಕಟ್ಟಿ ಮುಗಿದ ಕಟ್ಟಡದಲ್ಲಿ ಯಜಮಾನನ ಇಷ್ಟ, ಗುತ್ತಿಗೆದಾರನ ಲಾಭ, ನಿವೇಶನದ ಇಕ್ಕಟ್ಟು ಎಲ್ಲವೂ ಬೆರೆತಿರುತ್ತವೆ. ವಿದ್ಯಾರ್ಥಿಯ ನಕ್ಷೆಗೆ ಈ ಅಡ್ಡಿಗಳಿಲ್ಲ. ಸಾರ್ವಜನಿಕರೆಂದರೆ ಯಾರು, ಅವರಿಗೆ ಬೇಕಾದುದೇನು ಎಂದು ಬರೆದವನು ಭಾವಿಸಿದ್ದನೋ ಅದು ಅಲ್ಲಿ ಮರೆಯಿಲ್ಲದೆ ಕಾಣುತ್ತದೆ.

ಈ ದೃಷ್ಟಿಯಿಂದ ನೋಡತಕ್ಕ ರಚನೆಗಳಲ್ಲಿ ಫ್ರಾನ್ಸಿನ ಟೋನಿ ಗಾರ್ನಿಯೆಯ ವಿದ್ಯಾರ್ಥಿದಶೆಯ ಕೃತಿಗಳು ಮೊದಲ ಸಾಲಿನವು. ಈತನು ಹುಟ್ಟಿದುದು 1869ರಲ್ಲಿ, ರೇಷ್ಮೆಯ ನೇಯ್ಗೆಗೆ ಹೆಸರಾದ ಲಿಯಾನ್ ನಗರದಲ್ಲಿ. ತಂದೆ ರೇಷ್ಮೆಯ ಬಟ್ಟೆಗೆ ಚಿತ್ತಾರ ಬರೆಯುವ ಕಸಬಿನವನು, ತಾಯಿ ನೇಕಾರಳು. ಊರಿನ ಶಾಲೆಗಳಲ್ಲಿ ಚಿತ್ರವನ್ನೂ ಕಟ್ಟಡವಿದ್ಯೆಯನ್ನೂ ಕಲಿತು, 1890ರಲ್ಲಿ ಪ್ಯಾರಿಸಿನ ಪ್ರಸಿದ್ಧವಾದ ಲಲಿತಕಲಾ ವಿದ್ಯಾಲಯವನ್ನು ಸೇರಿದನು.

ಆ ವಿದ್ಯಾಲಯದ ಪದ್ಧತಿಯನ್ನು ಸ್ವಲ್ಪ ತಿಳಿಯದೆ ಆತನ ಕೃತಿಗಳ ಬೆಲೆಯನ್ನು ಕಟ್ಟಲಾಗದು. ಸ್ಪರ್ಧೆಯ ದಿನ ವಿದ್ಯಾರ್ಥಿಯು ಚಿಕ್ಕ ಕೋಣೆಯೊಂದರಲ್ಲಿ ಒಬ್ಬನೇ ಕುಳಿತು, ಗ್ರಂಥದ ನೆರವಾಗಲಿ ಗುರುವಿನ ನೆರವಾಗಲಿ ಇಲ್ಲದೆ, ಕೊಟ್ಟ ವಿಷಯಕ್ಕೆ ಮೊದಲ ಕರಡನ್ನು ಬರೆಯಬೇಕು. ಅನಂತರ ತಿಂಗಳುಗಟ್ಟಲೆ ಶ್ರಮಪಟ್ಟು ಬರೆಯುವ ದೊಡ್ಡ ನಕ್ಷೆಯು ಆ ಕರಡಿನ ಮುಖ್ಯ ಭಾವವನ್ನು ಬಿಟ್ಟು ಹೋಗಕೂಡದು. ಕೊಡುವ ವಿಷಯಗಳು ನ್ಯಾಯಸ್ಥಾನ, ಅರಮನೆ, ವಸ್ತುಸಂಗ್ರಹಾಲಯ ಮುಂತಾದ ಭಾರಿಯ ಕಟ್ಟಡಗಳು. ನಿವೇಶನವು ಬಹುಮಟ್ಟಿಗೆ ಕಲ್ಪಿತ. ಖರ್ಚಿನ ಮಾತೇ ಇಲ್ಲ. ಈ ಕ್ರಮದಲ್ಲಿ ಒಂದು ಗುಣವೂ ಒಂದು ದೋಷವೂ ಇದ್ದುವು. ನೂರು ಕೋಣೆಗಳ ಗೊಂದಲವನ್ನು ಒಂದೇ ಎಣಿಕೆಗೆ ತರುವ ಶಿಸ್ತು ವಿದ್ಯಾರ್ಥಿಗೆ ಬರುತ್ತಿತ್ತು; ಇದು ಗುಣ. ಆ ಕೋಣೆಗಳಲ್ಲಿ ಓಡಾಡುವವರು ಯಾರೆಂಬ ಯೋಚನೆ ಬರಲೇಬೇಕೆಂಬ ನಿರ್ಬಂಧವಿರಲಿಲ್ಲ, ಇದು ದೋಷ.

ಈ ಸ್ಪರ್ಧೆಗಳ ತುತ್ತತುದಿಯೇ ರೋಮ್ ಪಾರಿತೋಷಕ. ಹಲವು ಸಲ ಪ್ರಯತ್ನಿಸಿ ಸೋತು, ವಯಸ್ಸು ಮೂವತ್ತರ ಅಂಚಿಗೆ ಬಂದಾಗ, 1899ರಲ್ಲಿ ಗಾರ್ನಿಯೆ ಅದನ್ನು ಗೆದ್ದನು. ಆ ವರ್ಷದ ವಿಷಯ ರಾಷ್ಟ್ರದ ಬ್ಯಾಂಕೊಂದರ ಪ್ರಧಾನ ಸೌಧ. ಗೆದ್ದ ನಕ್ಷೆಯು ವಿದ್ಯಾಲಯವು ಬಯಸುವ ಎಲ್ಲ ಲಕ್ಷಣಗಳಿಂದಲೂ ಕೂಡಿದುದು: ನಟ್ಟನಡುವೆ ನೇರವಾದ ಅಕ್ಷರೇಖೆ, ಎರಡು ಮಗ್ಗುಲಿಗೂ ತೂಗಿನೋಡಿದಂತೆ ಸಮನಾದ ಭಾಗಗಳು, ಪುರಾತನ ರೀತಿಯ ಗಂಭೀರ ಮುಖ. ಕೈಯ ಪಳಗಿಕೆಗೆ ಅದರಲ್ಲಿ ಕೊರತೆಯಿಲ್ಲ. ಆದರೆ ಅದನ್ನು ನೋಡುವವನಿಗೆ ಹಣದ ವೈಭವ ಕಾಣುತ್ತದೆಯೇ ಹೊರತು, ಹಣ ಕಟ್ಟಲು ಬಂದು ಸಾಲಿನಲ್ಲಿ ನಿಂತ ಮನುಷ್ಯನು ಕಾಣುವುದಿಲ್ಲ. ಬಹುಮಾನಕ್ಕೆ ಅರ್ಹವಾದ ಕೃತಿಯೆನ್ನುವುದರಲ್ಲಿ ಸಂದೇಹವಿಲ್ಲ. ಅದೊಂದನ್ನೇ ಬಿಟ್ಟುಹೋಗಿದ್ದರೆ ಗಾರ್ನಿಯೆಯ ಹೆಸರು ಪಾರಿತೋಷಕ ಪಡೆದವರ ಪಟ್ಟಿಯಲ್ಲಿ ಒಂದು ಸಾಲಾಗಿ ಉಳಿಯುತ್ತಿತ್ತು.

ಪಾರಿತೋಷಕ ಪಡೆದವನು ರೋಮಿನ ವಿಲ್ಲಾ ಮೆದೀಚಿಯಲ್ಲಿ ಸರ್ಕಾರದ ವೆಚ್ಚದಲ್ಲಿ ಕೆಲವು ವರ್ಷ ಇದ್ದು, ಪ್ರಾಚೀನ ಕಟ್ಟಡಗಳನ್ನು ಅಳೆದು ಚಿತ್ರಿಸಿ ಪ್ಯಾರಿಸಿಗೆ ಕಳುಹಿಸಬೇಕೆಂಬುದು ನಿಯಮ. ಗಾರ್ನಿಯೆಗೆ ಈ ಕೆಲಸ ಒಗ್ಗಲಿಲ್ಲ. 1901ರಲ್ಲಿ ರೋಮಿನ ಪುರಾತನ ದಫ್ತರಖಾನೆಯಾದ ಟಾಬ್ಯುಲೇರಿಯಮ್ಮಿನ ಚಿತ್ರದೊಡನೆ, ಪ್ರಾಚೀನರ ವಾಸ್ತುವು ತಪ್ಪು ತತ್ತ್ವಗಳ ಮೇಲೆ ನಿಂತುದೆಂಬ ಅರ್ಥದ ಒಂದು ಟಿಪ್ಪಣಿಯನ್ನು ಬರೆದು ಕಳುಹಿಸಿದನು. ಅಕಾಡೆಮಿಯ ಹಿರಿಯರು ಕೋಪಗೊಂಡರೆಂದರೆ ಆಶ್ಚರ್ಯವೇನು? ಅನ್ನವಿಟ್ಟವರನ್ನೇ ಹಳಿದಂತಾಯಿತು. 1904ರ ಹೊತ್ತಿಗೆ ಆತನು ಒಪ್ಪಂದದ ದಾರಿಯೊಂದನ್ನು ಕಂಡುಕೊಂಡು ಟಸ್ಕ್ಯುಲಮ್ ಎಂಬ ಹಾಳೂರಿನ ಪುನಾರಚನೆಯನ್ನು ಚಿತ್ರಿಸಿ ಒಪ್ಪಿಸಿದನು. ಅದರ ಜೊತೆಯಲ್ಲಿಯೇ, ಯಾರೂ ಕೇಳದಿದ್ದ ‘ಕೈಗಾರಿಕಾ ನಗರ’ವೆಂಬ ತನ್ನ ರಚನೆಯನ್ನೂ ಮುಂದಿಟ್ಟನು. ಒಪ್ಪಿಸಿದ ಪಾಠದಲ್ಲಿ ಕೂಡ ಆತನು ಒಂದು ಗುಡಿಯನ್ನೋ ಕಂಬವನ್ನೋ ಆರಿಸದೆ ಇಡಿಯ ಊರನ್ನೇ ಆರಿಸಿದುದನ್ನು ಗಮನಿಸಬೇಕು. ಕಟ್ಟಡವು ಊರಿನ ಒಂದು ಅವಯವ, ಊರನ್ನು ಬಿಟ್ಟು ಅದಕ್ಕೆ ಅರ್ಥವಿಲ್ಲ ಎಂಬ ಭಾವನೆ ಎರಡು ಕೃತಿಗಳಲ್ಲಿಯೂ ಒಂದೇ.

‘ಕೈಗಾರಿಕಾ ನಗರ’ವು ಗ್ರಂಥರೂಪದಲ್ಲಿ ಹೊರಬಂದುದು 1917ರಲ್ಲಿ, 164 ಚಿತ್ರಫಲಕಗಳೊಡನೆ. ನಡುವಣ ವರ್ಷಗಳಲ್ಲಿ ಆತನು ಅದನ್ನು ತಿದ್ದಿ ಬೆಳೆಸಿದ್ದುದರಿಂದ ಫಲಕಗಳೆಲ್ಲವೂ ವಿದ್ಯಾರ್ಥಿಯ ಕೈಯವೆನ್ನಲಾಗದು. ಆದರೆ ಬೀಜವು ರೋಮಿನದೇ. ನಗರದ ಜನಸಂಖ್ಯೆ 35000. ಸ್ಥಳ ಕಲ್ಪಿತವಾದರೂ ಆಗ್ನೇಯ ಫ್ರಾನ್ಸಿನ ನೆಲದಂತೆಯೇ ಇದೆ: ಹೊಳೆ, ಬಯಲು, ಎತ್ತರದ ಹರವು, ಬೆಟ್ಟದ ಇಳಿಜಾರು. ಬೆಟ್ಟದ ತೊರೆಗೆ ಕಟ್ಟೆ ಕಟ್ಟಿ ಅಲ್ಲಿಂದ ವಿದ್ಯುಚ್ಛಕ್ತಿಯನ್ನು ತೆಗೆಯುತ್ತಾರೆ. ಕಾರ್ಖಾನೆಗಳು ಕೆಳಗೆ ಬಯಲಿನಲ್ಲಿ. ಊರು ಮೇಲೆ ಹರವಿನಲ್ಲಿ. ಇವೆರಡರ ನಡುವೆ ರೈಲುದಾರಿ. ಊರಿಗಿಂತಲೂ ಮೇಲೆ, ಚಳಿಗಾಳಿಗೆ ಮರೆಯಾಗಿ, ತೆಂಕಣ ಬಿಸಿಲಿಗೆ ಮುಖವಿಟ್ಟು ಆಸ್ಪತ್ರೆಯಿದೆ. ಪ್ರತಿಯೊಂದು ಮಲಗುವ ಕೋಣೆಗೂ ದಕ್ಷಿಣದ ಕಡೆಗೆ ಒಂದು ಕಿಟಕಿಯಾದರೂ ಇರಲೇಬೇಕು. ಬೆಳಕಿಗೆಂದು ಬಿಡುವ ಇಕ್ಕಟ್ಟಾದ ಒಳ ಅಂಗಳಗಳಿಗೆ ನಿಷೇಧ. ನಿವೇಶನದ ಅರ್ಧಕ್ಕಿಂತ ಹೆಚ್ಚು ಭಾಗ ತೆರಪಾಗಿರಬೇಕು. ಬೇಲಿ ಗೋಡೆಗಳಿಲ್ಲದ ಆ ತೆರಪಿನಲ್ಲಿ ಯಾರು ಬೇಕಾದರೂ ನಡೆದುಹೋಗಬಹುದು. ಕಟ್ಟುವ ಸಾಮಗ್ರಿ ಬಹುಮಟ್ಟಿಗೆ ಕಾಂಕ್ರೀಟು, ದೊಡ್ಡ ಕಟ್ಟಡಗಳಲ್ಲಿ ಕಬ್ಬಿಣದ ಸರಳು ಹೆಣೆದ ಕಾಂಕ್ರೀಟು.

ಊರಿನ ನಡುವೆ ಸಾರ್ವಜನಿಕ ಕಟ್ಟಡಗಳು. ಅವುಗಳಲ್ಲಿ ಹಿರಿಯದು ಸಭಾಭವನ. 3000 ಜನರು ನಿಂತು ಕೇಳಬಹುದಾದ ಒಂದು ತೆರೆದ ಶಾಲೆ, ಕುಳಿತು ಉಪನ್ಯಾಸ ಕೇಳುವುದಕ್ಕೆ ಬೇರೆ ಚಿಕ್ಕ ಶಾಲೆಗಳು, ಊರಿನ ಎಲ್ಲ ಕಡೆಗೂ ಕಾಣುವ ಗಡಿಯಾರದ ಗೋಪುರ. ಎಮಿಲ್ ಜೋಲಾ 1901ರಲ್ಲಿ ಪ್ರಕಟಿಸಿದ ‘ದುಡಿಮೆ’ ಎಂಬರ್ಥದ ಹೆಸರಿನ ಕಾದಂಬರಿಯ ವಾಕ್ಯಗಳನ್ನು ಈ ಭವನದ ನೆತ್ತಿಯ ಮೇಲೆ ಕೆತ್ತಿಸಬೇಕೆಂದು ಚಿತ್ರಿಸಿದೆ. ಸುತ್ತಲೂ ಗ್ರಂಥಾಲಯ, ವಸ್ತುಸಂಗ್ರಹಾಲಯ, ಆಟದ ಬಯಲು. ರೊಟ್ಟಿ, ಮಾಂಸ, ಹಾಲು, ಔಷಧಿ, ನೀರು ಇವುಗಳ ಹಂಚಿಕೆಯೂ ಊರಿನವರದೇ ಹೊಣೆ. ಕಸಾಯಿಖಾನೆಯೂ ಸಾರ್ವಜನಿಕ ಕಟ್ಟಡವೇ.

ಈ ಕೃತಿಯ ಹಿರಿಮೆ ಇರುವುದು ಇಲ್ಲಿಯೇ. ಅದಕ್ಕೂ ಮೊದಲು ಆದರ್ಶ ನಗರಗಳನ್ನು ಕಲ್ಪಿಸಿದವರು ಹಲವರಿದ್ದರು. ಕಾಂಕ್ರೀಟನ್ನು ಬಳಸಿದವರೂ ಇದ್ದರು. ಆದರೆ ಬ್ಯಾಂಕಿನ ಸೌಧಕ್ಕೆ ಸಲ್ಲುವ ಶ್ರದ್ಧೆಯನ್ನು ಹಾಲಿನ ಕೇಂದ್ರಕ್ಕೂ ಕಸಾಯಿಖಾನೆಗೂ ರೋಗಿಯ ಕಿಟಕಿಗೂ ಸಲ್ಲಿಸಿ, ಅವೆಲ್ಲವನ್ನೂ ಒಂದೇ ಕೈಯಿಂದ, ಒಂದೇ ಮರ್ಯಾದೆಯಿಂದ, ಛೇದಚಿತ್ರ ಸಹಿತವಾಗಿ ಬರೆದು ತೋರಿಸಿದವರು ವಿರಳ. ವಿದ್ಯಾಲಯದ ಶಿಸ್ತನ್ನು ಆತನು ತೊರೆದನೆಂದು ಹೇಳುವುದುಂಟು. ಅದು ಪೂರ್ತಿ ನಿಜವಲ್ಲ. ನಗರಮಧ್ಯದ ವಿನ್ಯಾಸದಲ್ಲಿ ಅಕ್ಷರೇಖೆಯೂ ಸಮತೂಕವೂ ಇನ್ನೂ ಇವೆ. ಬ್ಯಾಂಕಿನ ನಕ್ಷೆಯಿಂದ ಕಲಿತುದನ್ನೇ ಆತನು ಬಡವರ ಮನೆಗೆ ಕೊಂಡೊಯ್ದನು. ಬಿಟ್ಟುದು ಅಲಂಕಾರವನ್ನು ಮಾತ್ರ. ಗುರುವಿನ ವಿದ್ಯೆಯನ್ನು ಗುರುವು ಎಣಿಸದಿದ್ದ ಕಡೆಗೆ ತಿರುಗಿಸಿದ ಶಿಷ್ಯನನ್ನು ದ್ರೋಹಿಯೆನ್ನುವುದಕ್ಕಿಂತ ಉತ್ತರಾಧಿಕಾರಿಯೆನ್ನುವುದೇ ಸರಿ.

ಇನ್ನು ದೋಷದ ಮಾತು. ಈ ನಗರದಲ್ಲಿ ದೇವಾಲಯವಿಲ್ಲ, ನ್ಯಾಯಸ್ಥಾನವಿಲ್ಲ, ಸೆರೆಮನೆಯಿಲ್ಲ, ಪೋಲೀಸು ಠಾಣೆಯಿಲ್ಲ, ದಂಡಿನ ಪಾಳೆಯವಿಲ್ಲ. ಸಮಾಜವ್ಯವಸ್ಥೆಯು ಕೆಲವು ಮೆಟ್ಟಿಲು ಮುಂದೆ ಹೋಗಿದೆಯೆಂದೂ ನೆಲವೆಲ್ಲ ಸಮಾಜದ ವಶದಲ್ಲಿದೆಯೆಂದೂ ಆತನು ಮೊದಲೇ ಭಾವಿಸಿಕೊಂಡಿದ್ದಾನೆ. ಇವನ್ನು ಬಿಟ್ಟುದು ಧೈರ್ಯವೆಂದು ಹೊಗಳುವವರಿದ್ದಾರೆ. ಆದರೆ ವಿಚಾರ ಮಾಡಿದರೆ, ಇದು ಬಗೆಹರಿಸಿದ ಪ್ರಶ್ನೆಯಲ್ಲ, ಹಾಳೆಯಿಂದ ಅಳಿಸಿಹಾಕಿದ ಪ್ರಶ್ನೆ. ಒಂದು ನೆಲೆಯಲ್ಲಿ 35000 ಜನರು ಸೇರಿದರೆ ಅವರೊಳಗೆ ವ್ಯಾಜ್ಯವಿಲ್ಲದಿರುವುದುಂಟೆ? ನೀರಿನ ಪಾಲಿಗೋ ದಾರಿಯ ಹಕ್ಕಿಗೋ ಇಬ್ಬರು ಹಟ ಹಿಡಿದರೆ ಅವರು ಹೋಗಬೇಕಾದ ಬಾಗಿಲು ಯಾವುದು? ಒಮ್ಮತದಿಂದ ಕೂಡುವುದಕ್ಕೆ ಮೂರು ಸಾವಿರ ಜನರ ಸಭಾಭವನವಿದೆ. ಒಮ್ಮತವಿಲ್ಲದವನು ನಿಂತು ತನ್ನ ಮಾತನ್ನು ಹೇಳುವ ಚಿಕ್ಕ ಕೋಣೆಯಿಲ್ಲ. ಬ್ಯಾಂಕಿನ ನಕ್ಷೆಯಲ್ಲಿ ಮನುಷ್ಯನೇ ಕಾಣುತ್ತಿರಲಿಲ್ಲವಾದರೆ, ಇಲ್ಲಿ ಜಗಳವಾಡುವ ಮನುಷ್ಯನು ಕಾಣುವುದಿಲ್ಲ. ತನ್ನ ಊರಿನವರನ್ನು ಅತಿಯಾಗಿ ಪ್ರೀತಿಸಿದವನ ತಪ್ಪು ಇದು, ಆದರೂ ತಪ್ಪೇ.

ಅಪರೂಪಕ್ಕೆ ಈ ಕಾಗದದ ಮಾತಿಗೆ ಪರೀಕ್ಷೆಯೂ ಒದಗಿತು. 1904ರಲ್ಲಿ ಗಾರ್ನಿಯೆ ಲಿಯಾನಿಗೆ ಮರಳಿದನು. 1905ರಲ್ಲಿ ಎದ್ವಾರ್ ಎರಿಯೊ ಆ ನಗರದ ಅಧ್ಯಕ್ಷನಾದನು. ಈ ಇಬ್ಬರ ಜೊತೆಯಿಂದ ಹಾಳೆಯ ಮೇಲಿನ ಕಟ್ಟಡಗಳು ಒಂದೊಂದಾಗಿ ನೆಲಕ್ಕಿಳಿದುವು. ಮೊದಲನೆಯದು ನಗರದ ಉದ್ಯಾನದಲ್ಲಿ ಕಟ್ಟಿದ ಹಾಲಿನ ಕೇಂದ್ರ. ಅನಂತರ ಲಾ ಮೂಷ್ ಎಂಬಲ್ಲಿ ಕಸಾಯಿಖಾನೆ; ಅದರ ದನದ ಸಂತೆಯ ಮಾಳಿಗೆ 210 ಮೀಟರು ಉದ್ದ, 80 ಮೀಟರು ಅಗಲ, ನಡುವೆ ಒಂದು ಕಂಬವೂ ಇಲ್ಲ. 1914ರಲ್ಲಿ ಅಲ್ಲಿ ಅಂತರರಾಷ್ಟ್ರೀಯ ನಗರ ಪ್ರದರ್ಶನವು ನಡೆಯುತ್ತಿದ್ದಾಗಲೇ ಮಹಾಯುದ್ಧವು ಹೊತ್ತಿಕೊಂಡಿತು. ದನದ ಸಂತೆ ಕೂಡಬೇಕಾದ ಮಾಳಿಗೆಯಲ್ಲಿ ಫಿರಂಗಿಯ ಗುಂಡುಗಳು ತಯಾರಾದುವು. ಸೈನ್ಯವಿಲ್ಲದ ನಗರವನ್ನು ಕಲ್ಪಿಸಿದವನ ಕಟ್ಟಡಕ್ಕೆ ಬಂದ ಈ ಗತಿಗಿಂತ ಕಟುವಾದ ವಿಮರ್ಶೆಯನ್ನು ಯಾವ ವಿಮರ್ಶಕನೂ ಬರೆಯಲಾರನು. ಅದು ಕಸಾಯಿಖಾನೆಯಾಗಿ ಕೆಲಸಮಾಡತೊಡಗಿದುದು 1928ರಲ್ಲಿ.

ಗ್ರಾಂಜ್ ಬ್ಲಾಂಷ್ ಆಸ್ಪತ್ರೆಯು ‘ಕೈಗಾರಿಕಾ ನಗರ’ದ ಆಸ್ಪತ್ರೆಯ ಮಗುವೇ ಸರಿ. ಒಂದೇ ದೊಡ್ಡ ಸೌಧದ ಬದಲು ತೋಟದ ನಡುವೆ ಬಿಡಿಬಿಡಿಯಾದ ಕಟ್ಟಡಗಳು. ಅವುಗಳನ್ನು ಕೂಡಿಸುವ ನೆಲದೊಳಗಣ ದಾರಿಗಳು. 1933ರಲ್ಲಿ ತೆರೆದ ಆ ಆಸ್ಪತ್ರೆ ಎರಿಯೊನ ಹೆಸರನ್ನು ಹೊತ್ತು ಇಂದಿಗೂ ರೋಗಿಗಳಿಗೆ ಆಸರೆಯಾಗಿದೆ. ಆದರೆ ಕೆಲಸಗಾರರ ವಸತಿಯ ಬಡಾವಣೆಯಲ್ಲಿ ಕಾಗದವೂ ನೆಲವೂ ಹೊಂದಲಿಲ್ಲ. ‘ಸಂಯುಕ್ತ ಸಂಸ್ಥಾನಗಳ ಬಡಾವಣೆ’ಯೆಂದು ಹೆಸರಾದ ಅಲ್ಲಿ ಕಡಿಮೆ ಅಂತಸ್ತಿನ ಮನೆಗಳನ್ನು ಆತನು ಬರೆದಿದ್ದನು, ವಸತಿಯ ಅಭಾವ ಹೆಚ್ಚಿದಂತೆ ಅಂತಸ್ತುಗಳು ಏರಿದುವು, ಬಿಸಿಲೂ ತೆರಪೂ ಅಷ್ಟಷ್ಟೇ ಕುಗ್ಗಿದುವು. ಹಾಳೆಯ ಮೇಲೆ ನೆಲವು ಪುಕ್ಕಟೆ; ಊರಿನಲ್ಲಿ ಗೇಣಿಗೊಂದು ಬೆಲೆ.

ಗಾರ್ನಿಯೆ 1948ರಲ್ಲಿ ತೀರಿಕೊಂಡನು. ಅಷ್ಟರಲ್ಲಿಯೇ ಆತನ ಪ್ರಭಾವ ದೂರ ಹಬ್ಬಿತ್ತು. ಯೌವನದಲ್ಲಿ ಆತನನ್ನು ಕಂಡಿದ್ದ ಲ ಕೊರ್ಬುಸಿಯೆ 1923ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ‘ಕೈಗಾರಿಕಾ ನಗರ’ದ ಚಿತ್ರಗಳನ್ನು ಅಚ್ಚುಹಾಕಿಸಿ ಮೆಚ್ಚಿ ಬರೆದನು. ವಸತಿ ಒಂದು ಕಡೆ, ಕೆಲಸ ಒಂದು ಕಡೆ, ನಡುವೆ ಹಸುರು ಎಂಬ ಕ್ರಮವನ್ನು ಮುಂದಿನವರು ಸೂತ್ರವನ್ನಾಗಿ ಮಾಡಿಕೊಂಡರು. ಆ ದಾರಿಯಿಂದಲೇ ಈ ವಿದ್ಯಾರ್ಥಿಯ ಎಣಿಕೆಯ ಒಂದು ಎಳೆ 1951ರ ಅನಂತರ ಭಾರತದ ಚಂಡೀಗಢದವರೆಗೆ ಬಂದಿತೆನ್ನಬಹುದು. ಅಲ್ಲಿಯೂ ವಿಭಾಗಗಳುಂಟು, ಬೆಟ್ಟದ ಕಡೆಗೆ ಮುಖವಿಟ್ಟ ಸಾರ್ವಜನಿಕ ಸೌಧಗಳುಂಟು. ಆದರೆ ಆ ಸೌಧಗಳ ಸಮೂಹದಲ್ಲಿ ಮೊದಲು ಮುಗಿದು 1955ರಲ್ಲಿ ಬಾಗಿಲು ತೆರೆದುದು ಯಾವುದು? ಉಚ್ಚ ನ್ಯಾಯಾಲಯ. ಗುರುವು ಹಾಳೆಯಿಂದ ಬಿಟ್ಟುದನ್ನೇ, ನಿಜವಾದ ಜನರಿರುವ ಊರು ಶಿಷ್ಯನಿಂದ ಮೊದಲು ಕಟ್ಟಿಸಿಕೊಂಡಿತು.

ಹಾಗಾದರೆ ಆ ವಿದ್ಯಾರ್ಥಿಯ ನಕ್ಷೆಗಳಿಗೆ ಕೊಡತಕ್ಕ ಸ್ಥಾನವಾವುದು? ನಗರವು ಹೇಗಿರಬೇಕೆಂಬ ಪೂರ್ಣವಾದ ಉತ್ತರವೆಂದು ಅವನ್ನು ತೆಗೆದುಕೊಂಡರೆ ಮೋಸಹೋಗಬೇಕಾಗುತ್ತದೆ. ಸಾರ್ವಜನಿಕ ಕಟ್ಟಡವೊಂದನ್ನು ಬರೆಯುವವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೆಂದು ತೆಗೆದುಕೊಂಡರೆ ಅವುಗಳಿಗೆ ಮುಪ್ಪಿಲ್ಲ: ಈ ಬಾಗಿಲಿನಲ್ಲಿ ಬರುವವರು ಯಾರು? ಅವರ ಮೈಗೆ ಬಿಸಿಲು ಬೀಳುವುದೆ? ಈ ಪ್ರಶ್ನೆಯನ್ನು ಕೇಳದೆ ಬಂದ ಬಹುಮಾನಗಳು ಹಲವು. ಕೇಳಿದುದಕ್ಕಾಗಿ ಹಿರಿಯರ ಕೋಪವನ್ನು ಹೊತ್ತವರು ಕೆಲವರು.

ಕಾಲವೂ ಹೆಚ್ಚು ಕಡಿಮೆ ಇದೇ ತೀರ್ಪನ್ನು ಕೊಟ್ಟಂತಿದೆ. ಕಸಾಯಿಖಾನೆ 1974ರಲ್ಲಿ ಮುಚ್ಚಿತು. ಸುತ್ತಲಿನ ಕಟ್ಟಡಗಳು ಹೋದರೂ ಕಂಬವಿಲ್ಲದ ದೊಡ್ಡ ಮಾಳಿಗೆ ಉಳಿಯಿತು. 1988ರಿಂದ ಅಲ್ಲಿ ಸಂಗೀತ ನಡೆಯುತ್ತಿದೆ. ಅದಕ್ಕೆ ಈಗ ಗಾರ್ನಿಯೆಯದೇ ಹೆಸರು. ಅಂತಸ್ತು ಏರಿಸಿಕೊಂಡ ಆ ಬಡಾವಣೆಯಲ್ಲಿ, ಸುಮಾರು ಅದೇ ಕಾಲದಿಂದ, ಬಾಡಿಗೆದಾರರ ಉತ್ಸಾಹದಿಂದ ಮನೆಗಳ ಬರಿಯ ಪಕ್ಕಗೋಡೆಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ಬೃಹತ್ ಚಿತ್ರಗಳು ಮೂಡಿದುವು. ಅವುಗಳಲ್ಲಿ ಹಲವು ‘ಕೈಗಾರಿಕಾ ನಗರ’ದ ಫಲಕಗಳೇ. ಕಟ್ಟಲಾಗದೆ ಉಳಿದ ನಗರವನ್ನು, ಕಟ್ಟಿದ ಮನೆಗಳ ಗೋಡೆಯ ಮೇಲೆ, ಅಲ್ಲಿ ವಾಸಿಸುವವರೇ ಬರೆಯಿಸಿಕೊಂಡಿದ್ದಾರೆ. ಕಾಗದದ ಮೇಲೆ ಕೊಟ್ಟ ಮಾತು ಪೂರ್ತಿಯಾಗಿ ಸಲ್ಲಲಿಲ್ಲ. ಆದರೆ ಯಾರಿಗೆ ಕೊಟ್ಟಿದ್ದನೋ ಅವರು ಅದನ್ನು ಮರೆತಿಲ್ಲ.