ರಾಗಿಯ ಕೀರ್ತಿ, ಅಕ್ಕಡಿಯ ದುಡಿಮೆ

ರಾಗಿಗೆ ಈಗ ಸಿಗುತ್ತಿರುವ ಹೊಗಳಿಕೆಯಲ್ಲಿ ಅರ್ಧಪಾಲು, ರಾಗಿಯ ನಡುನಡುವೆ ಬಿತ್ತುವ ಅಕ್ಕಡಿ ಸಾಲಿಗೆ ಸಲ್ಲಬೇಕು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗಿನಿಂದ ಮೇಳ, ಭಾಷಣ, ಅಡುಗೆ ಪುಸ್ತಕಗಳಲ್ಲೆಲ್ಲ ರಾಗಿ ಒಂಟಿಯಾಗಿ ವೇದಿಕೆ ಹತ್ತಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಹತ್ತರ ಆಸುಪಾಸು. ಅದರಲ್ಲಿ ತಕರಾರಿಲ್ಲ. ಆದರೆ ಹಳೇ ಮೈಸೂರಿನ ಖುಷ್ಕಿ ಬೇಸಾಯದ ಮನೆಗಳನ್ನು ಸಾಕಿದ್ದು ರಾಗಿಯೊಂದೇ ಎನ್ನುವುದು ತಪ್ಪು. ಸಾಕಿದ್ದು ರಾಗಿ ಹೊಲ.

ಆ ಹೊಲದ ಬಿತ್ತನೆಯನ್ನು ನಿಧಾನವಾಗಿ ನೋಡಬೇಕು. ಕೂರಿಗೆಯ ಬಟ್ಟಲಿಂದ ರಾಗಿ ಇಳಿಯುತ್ತಿರುವಾಗಲೇ, ಹಿಂದೆ ಕಟ್ಟಿದ ಬಿದಿರ ಕೊಳವೆಯಲ್ಲಿ ಹೆಂಗಸೊಬ್ಬಳು ಅಕ್ಕಡಿ ಕಾಳು ಬಿಡುತ್ತಾ ಬರುತ್ತಾಳೆ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೂರಿಗೆಯನ್ನೂ ಈ ಕೊಳವೆಯನ್ನೂ ವಿವರಿಸಿದ್ದಾನೆ. ಕೆಲವು ಸಾಲು ರಾಗಿಯಾದ ಮೇಲೆ ಒಂದು ಸಾಲು ಅಕ್ಕಡಿ. ಅದರಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಜೋಳ, ಊರಿಗೊಂದು ಬಗೆ. ಬಿತ್ತನೆ ಒಂದೇ ಸಲ, ಕೊಯ್ಲು ಮಾತ್ರ ತಿಂಗಳುಗಟ್ಟಲೆ. ಅಲಸಂದೆ ಮೊದಲೇ ಕೈಗೆ ಬರುತ್ತದೆ. ರಾಗಿ ಕುಯ್ದ ಮೇಲೂ ಅವರೆ ಹೂ ಬಿಟ್ಟು ಕಾಯಿ ಕಟ್ಟುತ್ತದೆ, ತೊಗರಿ ಇನ್ನೂ ನಿಂತಿರುತ್ತದೆ. ನಡುವೆ ಮಳೆ ಕೈಕೊಟ್ಟು ರಾಗಿ ಬಾಡಿದರೂ ಆಳಕ್ಕೆ ಬೇರುಬಿಟ್ಟ ತೊಗರಿ ಬದುಕಿಕೊಳ್ಳುತ್ತದೆ. ಕಳೆ ಕೀಳುವಾಗ ಅಣ್ಣೆ ಸೊಪ್ಪು, ಕನ್ನೆ ಸೊಪ್ಪು ಮಡಿಲಿಗೆ ಬೀಳುತ್ತವೆ. ಇನ್ನು ತಟ್ಟೆಗೆ ಬನ್ನಿ. ರಾಗಿಯ ಪ್ರೋಟೀನಿನಲ್ಲಿ ಲೈಸೀನ್ ಕಡಿಮೆ, ಅವರೆ-ತೊಗರಿಯಲ್ಲಿ ಅದು ಧಾರಾಳ. ಕಾಳಿನಲ್ಲಿ ಕೊರತೆಯಿರುವ ಮೆಥಿಯೋನಿನ್ ರಾಗಿಯಲ್ಲಿದೆ. ಸೊಪ್ಪಿನ ಕ್ಯಾರೋಟಿನ್ ಮೈಗೆ ಹತ್ತಲು ಬೇಕಾದ ಜಿಡ್ಡನ್ನು ಹುಚ್ಚೆಳ್ಳು ಕೊಡುತ್ತದೆ. ಮುದ್ದೆ, ಅವರೆಕಾಳು ಸಾರು, ಬೆರಕೆ ಸೊಪ್ಪು, ಹುಚ್ಚೆಳ್ಳು ಚಟ್ನಿ: ಇಡೀ ಊಟವನ್ನು ಒಂದೇ ಹೊಲದಲ್ಲಿ ಬಿತ್ತಿದ ಜಾಣ್ಮೆ ಇದು. ರಾಗಿ ಮೂಟೆ ಮಾರಾಟಕ್ಕೆ ಹೋದರೂ ಅಕ್ಕಡಿ ಹೆಂಗಸರ ಕೈಯಲ್ಲಿ ಅಡುಗೆಮನೆಗೇ ಬರುತ್ತಿತ್ತು.

ಈ ಬೇಸಾಯವನ್ನು ಅಳೆಯುವವರ ಮೇಲೆ ನನಗೆ ಗಟ್ಟಿ ತಕರಾರಿದೆ. ಅಕ್ಕಡಿಯಿಂದ ಎಕರೆಗೆ ರಾಗಿ ಕಡಿಮೆಯಾಗುತ್ತದೆ ಎಂದು ಕ್ವಿಂಟಲ್ ಲೆಕ್ಕ ತೋರಿಸುವವರು ಹೊಲದಲ್ಲಿ ರಾಗಿಯನ್ನಷ್ಟೇ ತೂಗುತ್ತಾರೆ. ಮಂಡ್ಯದ ವಿ.ಸಿ. ಫಾರಂನಲ್ಲಿ ತಳಿವಿಜ್ಞಾನಿ ಲಕ್ಷ್ಮಣಯ್ಯನವರು ಆಫ್ರಿಕದ ರಾಗಿಯನ್ನು ನಮ್ಮ ತಳಿಗಳೊಂದಿಗೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟದ್ದು ದೊಡ್ಡ ಉಪಕಾರ, ಅದಕ್ಕೆ ನಾವು ಋಣಿಗಳು. ಇಳುವರಿಯೊಂದೇ ಗುರಿಯಾಗಿದ್ದು ಮಾತ್ರ ನಷ್ಟ. ಕೃಷಿ ವಿಜ್ಞಾನಿಗಳು ಅಕ್ಕಡಿಯನ್ನು ಪೂರ್ತಿ ಕೈಬಿಡಲಿಲ್ಲ, ನಿಜ: ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಎಂಬುದು ಅವರದೇ ಶಿಫಾರಸು. ಒಳ್ಳೆಯ ಶಿಫಾರಸು. ಆದರೂ ಐದಾರು ಬೆಳೆಯ ಸಾಲು ಅಲ್ಲಿ ಒಂದಕ್ಕಿಳಿಯಿತು. ಅಲಸಂದೆ, ಹುಚ್ಚೆಳ್ಳು ಲೆಕ್ಕದಿಂದ ಹೊರಬಿದ್ದವು. ಅತ್ತ ಸಿರಿಧಾನ್ಯ ಪ್ರಚಾರಕರು ರಾಗಿಯನ್ನು ಸರ್ವರೋಗಕ್ಕೆ ಮದ್ದೆಂದು ಮಾರುತ್ತಾರೆ. ಬೈದಾಡುವ ಈ ಎರಡು ಪಂಗಡಗಳೂ ಒಂದೇ ಕಾಳನ್ನು ಹೊಲದಿಂದ ಕಿತ್ತು ನೋಡುತ್ತವೆ.

ಅಕ್ಕಡಿಯ ಮಿತಿಯನ್ನೂ ಹೇಳಬೇಕು. ತುಂಡು ಭೂಮಿಯೂ ಇಲ್ಲದವರಿಗೆ ಅದರಿಂದ ನೇರ ಫಲವಿಲ್ಲ. ಬಿ12 ಕೊರತೆಯನ್ನು ಯಾವ ಕಾಳೂ ನೀಗದು, ಮಕ್ಕಳಿಗೆ ಮೊಟ್ಟೆ-ಹಾಲು ಬೇಕೇ ಬೇಕು. ಕೂಲಿ ದುಬಾರಿಯಾದಾಗ ಮಿಶ್ರ ಸಾಲಿನಲ್ಲಿ ಕೊಯ್ಲು ಯಂತ್ರ ಓಡಿಸುವುದು ಕಷ್ಟ, ಕಳೆನಾಶಕ ಹೊಡೆದರೆ ಸೊಪ್ಪೂ ಕಾಳೂ ಸಾಯುತ್ತವೆ. ರೈತ ಅಕ್ಕಡಿ ಬಿಟ್ಟದ್ದಕ್ಕೆ ಅವನನ್ನು ದೂರಲಾರೆ.

ದೂರಬೇಕಾದದ್ದು ಖರೀದಿಯ ಕ್ರಮವನ್ನು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು; ಆರು ತಿಂಗಳು ದಾಟಿದ ಮಕ್ಕಳಲ್ಲಿ ಶೇ. 65.5ರಷ್ಟು ರಕ್ತಹೀನರು. ಹಸಿವಿಗೆ ಅಕ್ಕಿ ಕೊಟ್ಟದ್ದು ಸರಿಯೇ, ಪಡಿತರಕ್ಕೆ ರಾಗಿ ಸೇರಿದ್ದು ಇನ್ನೂ ಸರಿ. ಆದರೆ 2025–26ರಲ್ಲಿ ರಾಗಿಗೆ ಕ್ವಿಂಟಲಿಗೆ 4,886 ರೂಪಾಯಿ ಬೆಂಬಲ ಬೆಲೆಯಿದ್ದರೆ, ಅದೇ ಹೊಲದ ಅವರೆ, ಅಲಸಂದೆ ಬೆಂಬಲ ಬೆಲೆಯ ಪಟ್ಟಿಯಲ್ಲೇ ಇಲ್ಲ. ಹೀಗಿರುವಾಗ ಮೂಟೆಗೆ ದರವಿರುವ ಬೆಳೆಗೇ ಹೊಲವೆಲ್ಲ ಸಂದಿತು. ರಾಗಿ ಖರೀದಿ ಕೇಂದ್ರದಲ್ಲೇ ಅವರೆಯನ್ನೂ ನಿಗದಿತ ದರಕ್ಕೆ ಕೊಂಡು, ಅದೇ ತಾಲ್ಲೂಕಿನ ಅಂಗನವಾಡಿ, ಶಾಲೆಗಳ ಬಿಸಿಯೂಟಕ್ಕೆ ಕೊಡಲಿ. ಭೂಮಿಯಿಲ್ಲದವರ ಮಕ್ಕಳಿಗೂ ಅಕ್ಕಡಿ ತಲುಪುವ ದಾರಿ ಅದು.