ಕನ್ನಡ ಮಕ್ಕಳ ಅಕ್ಷರಾಭ್ಯಾಸ: ಒಂದು ಪರಿಶೋಧನೆಯ ವಿಮರ್ಶೆ

ಬುದ್ಧಿಯಲ್ಲಿ ಕೊರತೆಯಿಲ್ಲದ, ಕಣ್ಣು ಚೆನ್ನಾಗಿರುವ ಬಾಲಕನೊಬ್ಬನು ಓದಲಾರದೆ ಹೋಗುವ ಸ್ಥಿತಿಯನ್ನು ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ 1896ರಲ್ಲಿ ವರ್ಣಿಸಿದನು. ಹದಿನಾಲ್ಕು ವಯಸ್ಸಿನ ಆ ಹುಡುಗನು ಲೆಕ್ಕದಲ್ಲಿ ಸಮರ್ಥ. ಓದಿನಲ್ಲಿ ಮಾತ್ರ ಅಸಮರ್ಥ. ಈಗ ಡಿಸ್‌ಲೆಕ್ಸಿಯಾ ಎನ್ನಿಸಿಕೊಂಡಿರುವ ಈ ದೋಷದ ಲಕ್ಷಣಗಳು ಬಹುಮಟ್ಟಿಗೆ ಇಂಗ್ಲಿಷಿನ 26 ಅಕ್ಷರಗಳನ್ನು ಕಲಿಯುವ ಮಕ್ಕಳನ್ನು ನೋಡಿ ನಿರ್ಣಯಿಸಿದುವು. ಅವು ಕನ್ನಡಕ್ಕೆ ಎಷ್ಟರಮಟ್ಟಿಗೆ ಸಲ್ಲುವುವೆಂಬುದು ವಿಚಾರಾರ್ಹವಾದುದು. ಬೆಂಗಳೂರಿನ ಪ್ರಾಮಿಸ್ ಫೌಂಡೇಷನ್ನಿನ ಸೋನಾಲಿ ನಾಗ್ ಅವರು ಕನ್ನಡದ ಮೊದಲ ಓದನ್ನು ಕುರಿತು 2007ರಲ್ಲಿ ಪ್ರಕಟಿಸಿದ ಪರಿಶೋಧನೆಯು ಈ ವಿಚಾರಕ್ಕೆ ಕೈಹಾಕಿರುವುದರಿಂದ ಆದರಣೀಯವಾಗಿದೆ.

ಅದರಲ್ಲಿ ಸಿದ್ಧವಾದ ಮುಖ್ಯಾಂಶಗಳು ಎರಡು. ಅಕ್ಷರಗಳು ವಶವಾಗಲು ಕನ್ನಡದ ಮಗುವಿಗೆ ಇಂಗ್ಲಿಷಿನ ಮಗುವಿಗಿಂತ ಹೆಚ್ಚು ವರ್ಷಗಳು ಹಿಡಿಯುವುವೆಂಬುದು ಒಂದು. ಅಕ್ಷರವನ್ನು ಸ್ವರವ್ಯಂಜನಗಳಾಗಿ ಬಿಡಿಸಿ ಅರಿಯುವ ಶಕ್ತಿಯು ನಿಧಾನವಾಗಿ ಮೂಡುವುದೆಂಬುದು ಇನ್ನೊಂದು. ಇದಕ್ಕೆ ಕಾರಣವು ಲಿಪಿಯಲ್ಲಿಯೇ ಇದೆ. 34 ವ್ಯಂಜನಗಳು 13 ಸ್ವರಗಳೊಡನೆ ಕೂಡಿದರೆ 442 ಗುಣಿತಾಕ್ಷರಗಳಾಗುವುವು, ಒತ್ತಕ್ಷರಗಳು ಬೇರೆ. 'ಸೂರ್ಯ' ಎಂಬಲ್ಲಿ ರೇಫವು ಕಿವಿಗೆ ಮೊದಲು ಬೀಳುವುದು, ಕಣ್ಣಿಗೆ ಯಕಾರದ ಬಳಿಕ ಕಾಣುವುದು. ಇಂತಹ ಲಿಪಿಯನ್ನು ಎರಡನೆಯ ತರಗತಿಯ ಮಗುವು ತಡವರಿಸಿ ಓದಿದರೆ ಅದು ದೋಷವಲ್ಲ, ಕಲಿಕೆಯ ಸಹಜಕ್ರಮ.

ಆದರೆ ಈ ಬಗೆಯ ಲಿಪಿಯನ್ನು 'ಉಚ್ಚಾರಣಾಂಶದ ಲಿಪಿ'ಯೆಂದಷ್ಟೇ ಕರೆಯುವ ರೂಢಿಯು ಪೂರ್ತಿಯಾಗಿ ಒಪ್ಪತಕ್ಕುದಲ್ಲ. 'ಅಕ್ಷರ' ಎಂಬ ಶಬ್ದವನ್ನೇ ನೋಡಬಹುದು: ನಾಲಗೆಯು 'ಅಕ್-ಷ-ರ' ಎಂದು ಒಡೆಯುವುದು, ಬರಹವು 'ಅ-ಕ್ಷ-ರ' ಎಂದು ಒಡೆಯುವುದು. ಛಂದಸ್ಸಿನಲ್ಲಿ ಇಲ್ಲಿಯ ಅಕಾರವು ಗುರುವಾಗುವುದೂ ಈ ಕಾರಣದಿಂದಲೇ. ಮಗುವು ಎಡವುವ ಸ್ಥಳವು ಇಂತಹ ಸಂಧಿಯೇ ಆಗಿರಬಹುದಾದುದರಿಂದ, ಓದಿನ ಪರೀಕ್ಷೆಗಳನ್ನು ರಚಿಸುವವರು ಈ ಭೇದವನ್ನು ಲಕ್ಷಿಸಬೇಕು.

ಮನೆಮಾತಿನ ವಿಷಯವೂ ಹೀಗೆಯೇ. ಶ್ರೀರಾಂಪುರದಲ್ಲಿ ತಮಿಳು ಮನೆಮಾತಿನ ಕುಟುಂಬಗಳು ಅನೇಕ. ತಮಿಳು ಲಿಪಿಯಲ್ಲಿ ಕಕಾರಗಕಾರಗಳಿಗೆ ಒಂದೇ ಅಕ್ಷರ, ಮಹಾಪ್ರಾಣಕ್ಕೆ ಪ್ರತ್ಯೇಕಾಕ್ಷರವಿಲ್ಲ. ಅಂತಹ ಮನೆಯ ಮಗುವು 'ಘ'ವನ್ನು 'ಗ' ಎಂದು ಓದಿದರೆ ಅದು ನಾಲಗೆಯ ವಾಡಿಕೆಯೇ ಹೊರತು ಓದಿನ ರೋಗವಲ್ಲ.

ಹಾಗೆಂದು ಎಲ್ಲ ತಡವನ್ನೂ ಸಹಜವೆಂದು ಕೈಬಿಡುವುದು ಮತ್ತೊಂದು ಅನರ್ಥ. ನಾಗ್ ಅವರು ಮಾರ್ಗರೆಟ್ ಸ್ನೋಲಿಂಗ್ ಅವರೊಡನೆ 2011ರಲ್ಲಿ ಪ್ರಕಟಿಸಿದ ಲೇಖನವು ಕನ್ನಡದಲ್ಲಿಯೂ ಓದು ಬಾರದ ಮಕ್ಕಳು ಧ್ವನಿಗಳನ್ನು ಬಿಡಿಸುವುದರಲ್ಲಿ ಹಿಂದುಳಿಯುವುದನ್ನು ತೋರಿಸಿದೆ. ದೋಷವು ನಿಜವಾಗಿಯೂ ಉಂಟು. ಅದನ್ನು ಅಳೆಯುವ ಕೋಲು ಮಾತ್ರ ಎರವಿನದಾಗಬಾರದು. 2016ರ ವಿಕಲಾಂಗರ ಹಕ್ಕುಗಳ ಶಾಸನದಲ್ಲಿ ಕಲಿಕೆಯ ಈ ನ್ಯೂನತೆಯೂ ಸೇರಿರುವುದರಿಂದ, ನಿರ್ಣಯವು ತಪ್ಪಿದರೆ ಒಂದು ಮಗುವಿಗೆ ಇಲ್ಲದ ಕುಂದು ಅಂಟುವುದು, ಇನ್ನೊಂದಕ್ಕೆ ನ್ಯಾಯವಾದ ನೆರವು ತಪ್ಪುವುದು. ಕನ್ನಡ ಓದುವ ಮಗುವನ್ನು ಅದೇ ತರಗತಿಯಲ್ಲಿ ಅದೇ ಲಿಪಿಯನ್ನು ಕಲಿಯುವ ಮಕ್ಕಳೊಡನೆ ಹೋಲಿಸಿ ನೋಡುವುದೇ ಯುಕ್ತವಾದ ಮಾರ್ಗ.